ದೀಪ ಹತ್ತಲಿಲ್ಲ

ಬಸವೇಶ್ವರನಗರ, ಬೆಂಗಳೂರು
ಭಾನುವಾರ, 15-6-2025

ರಕ್ಷಾಳ ಅಪ್ಪನವರಿಗೆ ಜಗದಾಂಬಾಳ ಶರಣು.

ಹೇಗಿದ್ದೀರಿ? ಮಡಿವಾಳಪ್ಪ ಭಾವನವರು ಆಪರೇಶನ್ ಆದ ಮೊಣಕಾಲು ಮಡಚುತ್ತಿದ್ದಾರಾ, ಇಲ್ಲ ನಿಮ್ಮ ಮನೆತನದ ಹಟ ತೋರಿಸುತ್ತಾ ಮಲಗಿದ್ದಾರಾ? ಬಿಪಿ ಮಾತ್ರೆ ತಪ್ಪದೆ ತಗೊಳ್ತಾ ಇದೀನಿ ಅಂತ ನೀವು ಫೋನಿನಲ್ಲಿ ಹೇಳಿದಿರಿ, ನಾನು ನಂಬಿಲ್ಲ. ಬಂದ ಮೇಲೆ ಎಷ್ಟು ಉಳಿದಿವೆ ಎಂದು ಎಣಿಸುತ್ತೇನೆ. ಫೋನು ಇರುವಾಗ ಇದೇನು ಪತ್ರ ಅನ್ನಬೇಡಿ. ನೀವು ಸ್ಪೀಕರ್ ಹಾಕಿಕೊಂಡೇ ಮಾತಾಡುವವರು, ಹರಿಹರದ ಮನೆಯೆಲ್ಲ ಕೇಳಿಸಿಕೊಳ್ಳುತ್ತದೆ. ಇನ್ನೊಂದು ಕಾರಣವೂ ಇದೆ, ಕೊನೆಗೆ ಹೇಳುತ್ತೇನೆ. ಮಗಳು ಆಯ್ಕೆಯಾದಳೆಂದು ನಿನ್ನೆ ಪೇಡೆ ತರಿಸಿದಿರಂತೆ. ಅದು ತಿಂದಾಗಿರುತ್ತದೆ, ಹೋಗಲಿ. ಇನ್ನಷ್ಟು ತರಿಸಬೇಡಿ.

ಭಾವನವರಿಗೆ ಇನ್ನೊಮ್ಮೆ ಬಿಡಿಸಿ ಹೇಳಿ, ಇದು ಕ್ರಿಕೆಟ್ಟಿನ ಬೌಲಿಂಗ್ ಅಲ್ಲ. ಹತ್ತು ಪಿನ್ನು ನಿಲ್ಲಿಸಿರುತ್ತಾರೆ, ಭಾರದ ಚೆಂಡು ಉರುಳಿಸಿ ಬೀಳಿಸಬೇಕು. ಅಂತರರಾಷ್ಟ್ರೀಯ ಕ್ರೀಡಾಕೂಟಕ್ಕೆ ಹೋಗಬೇಕಾದರೆ ಮೂರು ದಿನ, ದಿನಕ್ಕೆ ಆರರಂತೆ ಹದಿನೆಂಟು ಆಟ. ಬಿದ್ದ ಪಿನ್ನಿನ ಅಂಕವೆಲ್ಲ ಕೂಡಿಸಿ, ಮೊದಲ ನಾಲ್ವರು ಹುಡುಗಿಯರು ಭಾರತದ ತಂಡಕ್ಕೆ. ಐದನೆಯವಳು ಮನೆಗೆ. ನಮ್ಮವಳು ನಾಲ್ಕು ವರ್ಷದಿಂದ ಆಫೀಸು ಮುಗಿಸಿ, ಊಟ ಬಿಟ್ಟು ಕಲಿತದ್ದು ಈ ಒಂದು ಸ್ಥಾನಕ್ಕೆ. ಮೂರೂ ದಿನ ನಾನು ಅವಳ ಜೊತೆ ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿದೆ. ‘ನೀನ್ಯಾಕಮ್ಮ ಬರ್ತೀಯ, ಅಲ್ಲಿ ಎಲ್ಲಾ ಮೆಷಿನ್ನೇ ಲೆಕ್ಕ ಇಡುತ್ತೆ’ ಅಂದಳು. ಅದಕ್ಕೇ ಬರ್ತೀನಿ ಅಂದೆ. ಮೂವತ್ತೊಂದು ವರ್ಷ ಟೀಚರಾಗಿ, ಪರೀಕ್ಷೆ ಕೋಣೆಯಲ್ಲಿ ಸಾಕ್ಸಿನಿಂದ, ಜಡೆಯೊಳಗಿನಿಂದ ಕಾಪಿ ಚೀಟಿ ಎಳೆದವಳು ನಾನು. ಮೆಷಿನ್ನಿನ ಹಿಂದೆ ಮನುಷ್ಯ ಇರುತ್ತಾನೆ ಅನ್ನೋದು ನನಗೆ ಗೊತ್ತಿಲ್ಲವೇ?

ಇದ್ದರು. ಚಕ್ರಪಾಣಿ ಅಂತ, ಅಂಕಗಳ ಉಸ್ತುವಾರಿ ಅವರದು. ವಿಚಾರಿಸಿದರೆ, ಉಲ್ಲಾಳದಿಂದ ಬಂದ ರಮ್ಯಶ್ರೀ ಎಂಬ ಹುಡುಗಿಗೆ ಸ್ವಂತ ಚಿಕ್ಕಪ್ಪ! ನಮ್ಮ ರಕ್ಷಾಗೂ ರಮ್ಯಶ್ರೀಗೂ ಮೊದಲ ದಿನದಿಂದಲೇ ನಾಲ್ಕನೆಯ ಸ್ಥಾನಕ್ಕೆ ಪೈಪೋಟಿ. ಇನ್ನು ನನ್ನ ಹೊಟ್ಟೆ ತಣ್ಣಗಿರುತ್ತದೆಯೇ? ಮೊದಲ ಆಟದಲ್ಲೇ ರಕ್ಷಾ ಹತ್ತೂ ಪಿನ್ನು ಬೀಳಿಸಿದಳು, ಪರದೆಯ ಮೇಲೆ ಅಂಕದ ಮನೆ ಖಾಲಿ! ಎದ್ದು ಹೋಗಿ ಕೇಳಿಯೇಬಿಟ್ಟೆ, ಹತ್ತು ಎಲ್ಲಿ ಸಾರ್, ಯಾರ ಮನೆಗೆ ಹೋಯ್ತು ಅಂತ. ಅವರು ನಗಲಿಲ್ಲ. ‘ಮೇಡಂ, ಒಂದೇ ಏಟಿಗೆ ಹತ್ತೂ ಬಿದ್ರೆ ಮುಂದಿನ ಎರಡು ಚೆಂಡಿಂದೂ ಇದಕ್ಕೇ ಸೇರ್ತದೆ. ಅದಕ್ಕೇ ಕಾಯ್ತದೆ’ ಅಂದರು. ರಕ್ಷಾ ಮುಖ ಮುಚ್ಚಿಕೊಂಡಳು. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅಂತ ನೀವಿದ್ದಿದ್ದರೆ ಅನ್ನುತ್ತಿದ್ದಿರಿ. ಅನ್ನಿ.

ಆಟಗಾರರ ಮುಂದೆ ಒಂದು ಗೆರೆ ಇದೆ. ಕಾಲು ಅದನ್ನು ದಾಟಿದರೆ ದೀಪ ಹತ್ತುತ್ತದೆ, ಆ ಚೆಂಡಿಗೆ ಎಷ್ಟು ಬಿದ್ದರೂ ಅಂಕವಿಲ್ಲ. ಚಿಕ್ಕಪ್ಪನವರು ಅಣ್ಣನ ಮಗಳಿಗಾಗಿ ಅಲ್ಲೇ ಕೈಚಳಕ ತೋರಿಸುತ್ತಾರೆಂದು ನಾನು ಗೆರೆಯ ನೇರಕ್ಕೆ ಕುರ್ಚಿ ಹಾಕಿಸಿಕೊಂಡೆ. ಎರಡನೆಯ ದಿನ ರಮ್ಯಶ್ರೀಯ ಕಾಲು ದಾಟಿತು, ದೀಪ ಹತ್ತಿತು. ಎಂಟು ಪಿನ್ನು ಬಿದ್ದಿದ್ದವು, ಚಕ್ರಪಾಣಿಯವರು ಕೊಡಲಿಲ್ಲ. ಹುಡುಗಿ ತುಟಿ ಕಚ್ಚಿಕೊಂಡು ಕೂತಳು. ಆಗಲೂ ನಾನು ಅಂದುಕೊಂಡದ್ದು, ಇದು ತೋರಿಕೆಗೆ, ನಾಳೆ ನೋಡೋಣ ಅಂತ. ನನ್ನ ಬುದ್ಧಿಗಿಷ್ಟು!

ನಾಳೆ ಬಂತು. ಕೊನೆಯ ಆಟ, ರಕ್ಷಾಳ ಕೊನೆಯ ಚೆಂಡು. ಹತ್ತೂ ಬಿದ್ದವು. ಎಲ್ಲರೂ ಪಿನ್ನು ನೋಡುತ್ತಿದ್ದರು, ನಾನು ಗೆರೆ ನೋಡುತ್ತಿದ್ದೆ. ಅವಳ ಎಡಗಾಲು ಜಾರಿ ಗೆರೆಯಾಚೆ ಹೋಯಿತು, ನಾಲ್ಕು ಬೆರಳಿನಷ್ಟು. ದೀಪ ಹತ್ತಲಿಲ್ಲ. ಕೆಟ್ಟಿತ್ತೋ ಏನೋ, ಹತ್ತಲಿಲ್ಲ ಅಷ್ಟೇ. ಅವಳು ರಮ್ಯಶ್ರೀಗಿಂತ ಐದು ಪಿನ್ನು ಮುಂದೆ ಬಂದು ನಾಲ್ಕನೆಯವಳಾದಳು. ಆ ಹತ್ತು ಇಲ್ಲದಿದ್ದರೆ ಐದನೆಯವಳು.

ಆಮೇಲೆ ಚಕ್ರಪಾಣಿಯವರು ತಾವಾಗಿಯೇ ನನ್ನ ಬಳಿ ಬಂದು, ‘ಮೇಡಂ, ಮೂರು ದಿನದಿಂದ ನೋಡ್ತಾ ಇದೀರಿ. ಏನಾದ್ರೂ ಅನುಮಾನ ಇದೆಯಾ?’ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿಕೊಂಡ ಹಾಗೆ ನಾನು ಸೆರಗು ಸರಿಮಾಡಿಕೊಂಡು, ‘ಇಲ್ಲ ಸಾರ್, ಎಲ್ಲಾ ಸರಿಯಾಗಿದೆ’ ಅಂದೆ. ನಾನು ರೀ, ನಾನು! ಹಿತ್ತಲಿನಲ್ಲಿ ಕುಂಟೆಬಿಲ್ಲೆ ಆಡುವಾಗ ಆರು ವರ್ಷದ ಅವಳ ಕಾಲು ಗೆರೆಗೆ ತಾಗಿದರೆ ಔಟ್ ಅಂದು, ಅತ್ತರೂ ಬಿಡದೆ ಹೊರಗೆ ಕೂರಿಸುತ್ತಿದ್ದವಳು. ನೀವು ಪಾಪ ಅಂತ ಇನ್ನೊಂದು ಸಲ ಆಡಿಸುತ್ತಿದ್ದಿರಿ, ನಾನು ನಿಮ್ಮನ್ನೂ ಬೈಯುತ್ತಿದ್ದೆ.

ಈಗ ನನ್ನ ಅನುಮಾನ ಮಗಳ ಮೇಲೆ. ಗೆರೆಯಾಚೆ ಹಲಗೆಗೆ ಎಣ್ಣೆ ಸವರಿರುತ್ತಾರೆ, ಅಲ್ಲಿ ಕಾಲಿಟ್ಟರೆ ಶೂ ಅಡಿಗೆ ಹತ್ತುತ್ತದೆ. ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕೂತು ಎಡಗಾಲಿನ ಶೂ ಒಂದನ್ನೇ ಒರೆಸುತ್ತಿದ್ದಳು. ಗೊತ್ತಿದ್ದೂ ಸುಮ್ಮನಿದ್ದಾಳೋ? ಕೇಳಲು ಬಾಯಿ ಬರಲಿಲ್ಲ. ರೊಟ್ಟಿ ಹಾಕಿದೆ, ತಿಂದಳು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ಇನ್ನೊಂದು ಕಾರಣ ಹೇಳುತ್ತೇನೆ. ತಕರಾರು ಕೊಡಲು ಸೋಮವಾರ ಸಂಜೆ ಐದರವರೆಗೆ ಸಮಯ. ಈ ಪತ್ರ ನಿಮಗೆ ಸಿಗುವುದು ಅದಾದ ಮೇಲೆ. ಬೇಕೆಂದೇ ಪತ್ರ ಬರೆದೆ. ಫೋನು ಮಾಡಿದ್ದರೆ ಹೋಗಿ ನಿಜ ಹೇಳು ಅನ್ನುತ್ತಿದ್ದಿರಿ, ನನಗೆ ಆ ಮಾತು ಬೇಡವಾಗಿತ್ತು. ಬೈಯಿರಿ.

ಭಾವನವರಿಗೂ ಅಕ್ಕನಿಗೂ ನನ್ನ ಶರಣಾರ್ಥಿ. ಬಸವಣ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಜಗದಾಂಬಾ

ತಾ.ಕ.: ಸೋಮವಾರ ಬೆಳಿಗ್ಗೆ, ಅವಸರದಲ್ಲಿ. ಕವರಿಗೆ ಅಂಟು ಹಚ್ಚುತ್ತಿದ್ದೆ, ರಕ್ಷಾ ಆ ಶೂ ತಂದು ನನ್ನ ಮುಂದೆ ಮಗುಚಿಟ್ಟಳು. ‘ಕಾಲು ಜಾರಿದಾಗ್ಲೇ ಗೊತ್ತಾಯ್ತಮ್ಮ. ತಿರುಗಿ ನಿನ್ನ ಮುಖ ನೋಡ್ದೆ, ನೀನೂ ನೋಡಿದ್ದೆ. ಔಟ್ ಅಂತೀಯ ಅಂತ ಕಾಯ್ತಾನೇ ಇದ್ದೆ. ಯಾಕಮ್ಮ ಅನ್ಲಿಲ್ಲ?’ ಅಂದಳು. ಚಕ್ರಪಾಣಿಯವರಿಗೆ ಅವಳೇ ಫೋನು ಮಾಡಿದ್ದಾಳೆ. ಕಣ್ಣಾರೆ ಕಂಡವರೊಬ್ಬರು ಬರೆದುಕೊಡಬೇಕಂತೆ. ಇಬ್ಬರೂ ಹೊರಟಿದ್ದೇವೆ, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಇದು ಕೈಸೇರಿದ ದಿನ ಅವಳಿಗೆ ಫೋನು ಮಾಡಿ. ಅತ್ತರೆ ಅಳಲಿ ಬಿಡಿ. ಸ್ಪೀಕರ್ ಮಾತ್ರ ಹಾಕಬೇಡಿ.