ಬೆಲ್ಲದಿಂದ ಬಂದದ್ದಲ್ಲ, ಅಪ್ಪಾ

ನನ್ನ ಅಪ್ಪಾ,

ನಮ್ಮ ಜೊತೆ ಇರಲು ನೀವು ಧಾರವಾಡದಿಂದ ಕೋಲ್ಕತ್ತಕ್ಕೆ ಬಂದ ಹೊಸತು. ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು ಕೊಂಡು ಬರುವಾಗ ಸಂದೇಶ್ ಮಿಠಾಯಿ ಕೊಡಿಸಹೋದೆ. ನೀವು ಕೈ ಹಿಂದಕ್ಕೆಳೆದುಕೊಂಡಿರಿ. "ಒಲ್ಲೆವಾ. ಸಿಹಿ ಬಿಟ್ಟು ಭಾಳ ವರ್ಷಾತು." ಅವತ್ತೇ ಮೊದಲ ಬಾರಿಗೆ ನಿಮ್ಮ ತಮ್ಮ ವಸಂತನ ಕಥೆ ಹೇಳಿದಿರಿ. ಇನ್ನೂ ಶಾಲೆಗೆ ಹೋಗುವ ಹುಡುಗ. ಎಷ್ಟು ನೀರು ಕುಡಿದರೂ ದಾಹ, ಎಷ್ಟು ಉಂಡರೂ ಹಸಿವು. ನೋಡನೋಡುತ್ತ ಕಡ್ಡಿಯಾದ. ಅವನು ಅತ್ತಾಗಲೆಲ್ಲ ನೀವು ಕದ್ದು ಬೆಲ್ಲ ಕೊಡುತ್ತಿದ್ದಿರಿ. ಒಂದು ಬೆಳಿಗ್ಗೆ ಅವನು ಏಳಲೇ ಇಲ್ಲ.

"ಸಕ್ರಿ ರೋಗ ಅಂದ್ರು ಡಾಕ್ಟರು. ನಾನ ಬೆಲ್ಲಾ ತಿನಿಸಿ ಕೊಂದ್ನೆವಾ."

ಅದು ಹಾಗಲ್ಲ ಎಂದು ಆಗ ನನಗೂ ಗೊತ್ತಿರಲಿಲ್ಲ.

ನೀವು ತೀರಿಕೊಂಡ ಮರುವರ್ಷ ನನ್ನ ಮಗಳು ಮಿತ್ರಾ ಹಾಗೆಯೇ ನೀರು ಕುಡಿಯತೊಡಗಿದಳು. ವಸಂತ ನೆನಪಾದ. ಅವತ್ತೇ ಆಸ್ಪತ್ರೆಗೆ ಓಡಿದೆ. ಅದರಿಂದಲೇ ಮಗು ಉಳಿಯಿತು. ಟೈಪ್ ಒನ್ ಮಧುಮೇಹ. ದೇಹವನ್ನು ಕಾಯುವ ಶಕ್ತಿಯೇ ದಾರಿತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಲ್ಲುತ್ತದಂತೆ.

"ಸಿಹಿ ತಿಂದಿದ್ದಕ್ಕೆ ಬಂತಾ?" ಎಂದೆ.

"ಇಲ್ಲ. ಇದು ಸಿಹಿಯಿಂದ ಬರುವುದೇ ಅಲ್ಲ," ಎಂದರು ಡಾಕ್ಟರ್.

ನಾನು ಅಲ್ಲೇ ಅತ್ತುಬಿಟ್ಟೆ. ಮಗಳಿಗಾಗಿ ಎಂದುಕೊಂಡರು ಅವರು. ಇಷ್ಟು ಚಿಕ್ಕ ಮಾತು, ಅಪ್ಪಾ. ನೀವಿದ್ದಾಗ ಯಾರಾದರೂ ಒಬ್ಬರು...

ಒಡಹುಟ್ಟಿದವರಿಗೆ ಅಪಾಯ ಉಳಿದ ಮಕ್ಕಳಿಗಿಂತ ಹೆಚ್ಚು, ಆದರೂ ಬಹಳಷ್ಟು ಜನರಿಗೆ ಬರುವುದಿಲ್ಲ. ಮಿತ್ರಾಳ ತಮ್ಮನ ರಕ್ತವನ್ನೂ ಪರೀಕ್ಷಿಸೋಣ ಎಂದರು ಡಾಕ್ಟರ್. ಮನೆಯಲ್ಲಿ ಮಿತ್ರಾ ತಮ್ಮ ಧ್ರುವನಿಂದ ದೂರ ಕೂತಳು.

"ಮಾ, ಭಾಯಿಗೆ ನನ್ನಿಂದ ಬಂದ್ರೆ? ನನ್ನ ಐಸ್‌ಕ್ರೀಮ್ ಎವ್ರಿ ಟೈಮ್ ಶೇರ್ ಮಾಡ್ತಿದ್ದೆ."

ಅದೇ ದನಿ, ಅಪ್ಪಾ. ನಿಮ್ಮದೇ.

"ಕೊಟ್ಟಿದ್ದರಿಂದ ಬರೂದಲ್ಲ ಪುಟ್ಟಿ," ಎಂದೆ. "ಯಾರದೂ ತಪ್ಪಲ್ಲ." ನಿಮಗೆ ಹೇಳಬೇಕಿದ್ದನ್ನು ಅವಳಿಗೆ ಹೇಳಿದೆ. ಮತ್ತೆ ಮತ್ತೆ ಹೇಳುತ್ತೇನೆ, ಅವಳು ನಂಬುವವರೆಗೆ.

ನಿನ್ನೆ ಧ್ರುವನ ಫಲಿತಾಂಶ ಬಂತು. ಕಾಯಿಲೆ ಇನ್ನೂ ಬಂದಿಲ್ಲ. ಬರುವ ಸುಳಿವು ರಕ್ತದಲ್ಲಿದೆ. ಮೊದಲೇ ಗೊತ್ತಾದದ್ದು ಒಳ್ಳೆಯದೇ, ಕಣ್ಣಿಟ್ಟು ಕಾಯೋಣ ಎಂದರು ಡಾಕ್ಟರ್. ಮಿತ್ರಾ ಅಳಲಿಲ್ಲ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಬೆರಳಿಗೆ ಸೂಜಿ ಚುಚ್ಚಿ, ರಕ್ತದ ಹನಿಯನ್ನು ಮೀಟರಿಗೆ ಹಚ್ಚಿ ತೋರಿಸಿದಳು.

"ದೀದಿ, ನೋವಾಗತ್ತಾ?"

"ಇರುವೆ ಕಚ್ಚಿದಷ್ಟು."

ಅವನು ತನ್ನ ಬೆರಳನ್ನೂ ಮುಂದೆ ಚಾಚಿದ.