ಇಲಿಗೆ ಕಾದ ಮೂರು ವಾರ

ಅಕ್ಕಾ, ಕ್ಷೇಮಸಮಾಚಾರ ಆಮೇಲೆ, ಮೊದಲು ನನ್ನ ಸಿಟ್ಟು ಓದು.

ಈ ಪ್ರಯೋಗಶಾಲೆಯಲ್ಲಿ ನಾನು ನೋಡಿಕೊಳ್ಳುವ ಇಲಿಗಳಿಗೂ ನಿನ್ನ ಗಾಬರಿಯ ಮಾತ್ರೆಯ ಔಷಧಿಯನ್ನೇ ದಿನಾ ಕೊಡುತ್ತಾರೆ. ಮೊದಲ ದಿನ, ಅರ್ಧಕ್ಕೆ ಮಾತ್ರ ಗೋಡೆಯಿರುವ ಎತ್ತರದ ಹಲಗೆಯ ಮೇಲೆ ಬಿಟ್ಟಾಗ ಅವು ಇನ್ನಷ್ಟು ಹೆದರಿ, ಗೋಡೆಯಿರುವ ಮೂಲೆಗೆ ಅಂಟಿಕೊಂಡವು. ಔಷಧಿ ದಂಡ ಎಂದೆ. "ಮೂರು ವಾರ ಆಗ್ಲಿ, ಈಗ್ಲೇ ತೀರ್ಪು ಕೊಡ್ಬೇಡ" ಎಂದು ಮೇಡಂ ಗದರಿದರು. ನಿನ್ನೆಗೆ ಮೂರು ವಾರವಾಯಿತು, ಅವೇ ಇಲಿಗಳು ಗೋಡೆಯಿಲ್ಲದ ತುದಿಯವರೆಗೆ ಹೋಗಿ ಕೆಳಗೆ ಇಣುಕಿದವು.

ಮೊದಮೊದಲು ಗಾಬರಿ ಹೆಚ್ಚಬಹುದೆಂದು ನಿನ್ನ ಡಾಕ್ಟರು ಒಂದು ಮಾತು ಹೇಳಬಾರದಿತ್ತೇ? ನಾಲ್ಕನೇ ದಿನವೇ ನಿನ್ನ ಮಾತ್ರೆ ಬಿಸಾಡಿದ ಭಾವ ಓದಲಿ ಎಂದೇ ಕವರು ಬಿಟ್ಟು ಕಾರ್ಡು ಬರೆದಿದ್ದೇನೆ. ನೀನು ಇದು ಕೈಸೇರಿದ ಮರುದಿನವೇ ಡಾಕ್ಟರನ್ನು ಕಂಡು, ಮತ್ತೆ ಶುರು ಮಾಡಬಹುದೇ ಎಂದು ಕೇಳು.

ನನ್ನ ಕೆಮ್ಮು ವಾಸಿಯಾಗಿದೆ. ಜಾಗ ಮುಗಿಯುತ್ತಿದೆ. ಇಲ್ಲಿ ಇಲಿಗೆ ಮೂರು ವಾರ ಕಾಯುತ್ತಾರೆ ಅಕ್ಕಾ, ನಿನಗೆ ಮನೆಯಲ್ಲಿ ಒಂದು ವಾರವೂ ಕಾಯಲಿಲ್ಲ.

ತಮ್ಮ