ಎಲ್ಲರೂ ಹೇಳಬಹುದಾದ ನಾಲ್ಕು ಸಾಲು

10 ಜೂನ್, ಮಂಗಳವಾರ. ಸಂಜೆ 6:30

ನಲವತ್ತೆರಡು ಬಾಕ್ಸ್ ಇನ್‌ಸ್ಪೆಕ್ಷನ್. ಮೂರು ರಿಜೆಕ್ಟ್. ತಗಡು ಒತ್ತುವ ಮೂರನೇ ನಂಬರ್ ಪ್ರೆಸ್ ಇನ್ನೂ ನಿಂತೇ ಇದೆ. ಅದರಲ್ಲಿ ಮಲಕಪ್ಪನ ಎರಡು ಬೆರಳು ಹೋಗಿ ಇಂದಿಗೆ ಹನ್ನೊಂದು ದಿನ. ಕೈ ಒಳಗೆ ಹೋಗದಂತೆ ಹೊಸ ಗಾರ್ಡ್ ಹಾಕಿದ್ದಾರೆ. ಆದರೂ ಅದರ ಮುಂದೆ ಕೂರಲು ಯಾರೂ ತಯಾರಿಲ್ಲ. ಪೂಜೆ ಆಗಲಿ ಅಂತ ಕೆಲವರು. ಯಾರ ಪೂಜೆ ಅಂತ ಉಳಿದವರು.

ಮ್ಯಾನೇಜರ್ ಶಿವರಾಜ್ ಸರ್ ಕರೆದರು. "ಮಹಾನಂದಾ ಮೇಡಂ, ನೀವು ಚೆನ್ನಾಗ್ ಬರೀತೀರ. ಎಲ್ರೂ ಹೇಳೋ ಥರ ನಾಲ್ಕ್ ಲೈನ್ ಪ್ರಾರ್ಥನೆ ಬರ್ಕೊಡಿ. ಸೋಮವಾರ ಹೇಳ್ಸಿ ಮಷೀನ್ ಆನ್ ಮಾಡ್ಬಿಡೋಣ."

ಒಪ್ಪಿಕೊಂಡೆ. ಎಷ್ಟು ಕಷ್ಟ ಇದ್ದೀತು? ದೇವರು ಒಬ್ಬನೇ ಅಂತ ಎಲ್ಲರೂ ಹೇಳುತ್ತಾರಲ್ಲ...

11 ಜೂನ್, ಬುಧವಾರ. ಊಟದ ಬಿಡುವು

ಮೊದಲ ಸಾಲು — ನಮ್ಮನ್ನು ಸೃಷ್ಟಿಸಿದ ತಂದೆಯೇ.

ಪ್ಯಾಕಿಂಗ್‌ನ ಫರ್ಜಾನಾ ಓದಿ ತಲೆಯಾಡಿಸಿದಳು. "ತಂದೆ ಅನ್ನಂಗಿಲ್ಲ ಅಕ್ಕ. ಅವನು ಯಾರನ್ನೂ ಹೆತ್ತಿಲ್ಲ, ಅವನನ್ನೂ ಯಾರೂ ಹೆತ್ತಿಲ್ಲ." ಪಕ್ಕದಲ್ಲಿದ್ದ ಜೆಸಿಂತಾಗೆ ಆಶ್ಚರ್ಯ. "ನಂಗೆ ತಂದೆ ಅನ್ನದೇ ಪ್ರಾರ್ಥನೆ ಶುರುನೇ ಆಗಲ್ಲ ಕಣೇ!"

ತಂದೆಯನ್ನು ಹೊಡೆದುಹಾಕಿದೆ. ಆಫೀಸಿನ ಧರಣೇಂದ್ರ ಸರ್ ಕನ್ನಡಕ ಮೇಲೆತ್ತಿದರು. "ನಾವು ಜೈನರು, ಸೃಷ್ಟಿ ಮಾಡ್ದೋನು ಅಂತ ಯಾರನ್ನೂ ಒಪ್ಪಲ್ಲಮ್ಮ. ಲೋಕಕ್ಕೆ ಆದಿನೇ ಇಲ್ಲ."

ಹಾಗಾದರೆ ಬಸದಿಯಲ್ಲಿ ಕೈ ಮುಗಿಯುವುದು ಯಾರಿಗೆ?

"ತಮ್ಮನ್ನ ತಾವು ಗೆದ್ದವರಿಗೆ. ಅವರ ಹತ್ರ ಏನೂ ಕೇಳಲ್ಲ."

ಏನೂ ಕೇಳದ ಪ್ರಾರ್ಥನೆ! ಡಬ್ಬಿ ತೆರೆದದ್ದೇ ಮರೆತೆ.

'ನಿರಾಕಾರ' ಅಂತ ಬರೆದೆ. ಕ್ಯಾಂಟೀನ್ ಹನುಮವ್ವ ಬಿಡಲಿಲ್ಲ. "ಮುಖನ ಇಲ್ಲಾಂದ್ರ ನಾ ಯಾರಿಗೆ ಬೈಲವ್ವಾ? ನಮ್ಮ ಎಲ್ಲಮ್ಮಗ ದಿನಾ ಬೈತೀನಿ."

ನನ್ನದು ಅಂಗೈಯಲ್ಲಿ ಕೂರುವ ಲಿಂಗ. ಮುಖವಿಲ್ಲ, ಆದರೂ ದಿಟ್ಟಿಸಿ ನೋಡುತ್ತೇನೆ. ಅದು ನನ್ನನ್ನು ನೋಡುತ್ತದೆಯೇ? ಇಷ್ಟು ವರ್ಷ ಈ ಪ್ರಶ್ನೆಯೇ ಬಂದಿರಲಿಲ್ಲ.

12 ಜೂನ್, ಗುರುವಾರ

ಬರೆದೇ ಬಿಡುತ್ತೇನೆ. ಮೇ 30ರ ಬೆಳಗ್ಗೆ ಆ ಪ್ರೆಸ್‌ನ ಗಾರ್ಡ್ ಪರೀಕ್ಷಿಸಬೇಕಾದವಳು ನಾನು. ಪರೀಕ್ಷಿಸಲಿಲ್ಲ. ಬಸ್ ತಡ, ಲೋಡ್ ಹೊರಡುವ ಅವಸರ... ಚೆಕ್‌ಲಿಸ್ಟಿಗೆ ಟಿಕ್ ಹಾಕಿ ಸಹಿ ಮಾಡಿದೆ. ಗಾರ್ಡಿನ ಬೋಲ್ಟ್ ಸಡಿಲವಾಗಿತ್ತು. ರಿಪೋರ್ಟಿನಲ್ಲಿ 'ಆಪರೇಟರ್ ಮಲಕಪ್ಪನ ಅಜಾಗರೂಕತೆ' ಅಂತ ಬಂತು. ಸುಮ್ಮನಿದ್ದೆ.

ಇವತ್ತು ಎಲ್ಲರಿಗೂ ಬೇರೆ ಪ್ರಶ್ನೆ ಕೇಳಿದೆ. ನಿಮ್ಮ ದೇವರು ಕ್ಷಮಿಸುತ್ತಾನಾ?

ಫರ್ಜಾನಾ — "ಅವನ ನನ್ನ ಮಧ್ಯದ್ದು ಮಾತ್ರ ಆದ್ರೆ ಕ್ಷಮಿಸ್ತಾನೆ. ಮನುಷ್ಯನಿಗೆ ಮಾಡಿದ್ದು ಅಂದ್ರೆ ಮೊದ್ಲು ಆ ಮನುಷ್ಯ ಕ್ಷಮಿಸ್ಬೇಕು."

ಜೆಸಿಂತಾ — "ಕಾಣಿಕೆ ಹಾಕೋಕೆ ಮುಂಚೆ ನೋಯ್ಸಿದವರ ಹತ್ರ ಹೋಗ್ಬಾ ಅಂತಾರೆ ನಮ್ ಫಾದರ್."

ಧರಣೇಂದ್ರ ಸರ್ ನಕ್ಕರು. "ಕ್ಷಮಿಸೋಕೆ ಮೇಲೆ ಯಾರಮ್ಮ ಇದಾರೆ? ನಾವು ವರ್ಷಕ್ಕೊಂದ್ಸಲ ಒಬ್ಬರಿಗೊಬ್ಬರು ಕ್ಷಮೆ ಕೇಳ್ತೀವಿ."

ಹನುಮವ್ವ ನನ್ನನ್ನೇ ನೋಡಿ, "ಏನ್ ಮಾಡೀಯವ್ವಾ?" ಅಂದಳು.

ಒಂದು ಸಾಲಿಗೂ ಒಪ್ಪದವರು ಈಗ ಒಂದೇ ಬಾಗಿಲು ತೋರಿಸುತ್ತಿದ್ದಾರೆ. ಅದು ಲಗ್ಗೆರೆಯಲ್ಲಿದೆ. ಮಲಕಪ್ಪನ ಮನೆ.

15 ಜೂನ್, ಭಾನುವಾರ. ಮಧ್ಯಾಹ್ನ

ಎರಡು ದಿನ ಧೈರ್ಯ ಬರಲಿಲ್ಲ. ಇವತ್ತು ಹೋದೆ.

ಶೀಟ್ ಮನೆ. ಮಲಕಪ್ಪ ಎಡಗೈಯಲ್ಲಿ ಅನ್ನ ಕಲಸುತ್ತಿದ್ದ. ಹೆಂಡತಿ ಚಹಾ ತಂದಿಟ್ಟಳು. ಕುಡಿಯುವ ಮೊದಲೇ ಹೇಳಿಬಿಟ್ಟೆ. ಕುಡಿದು ಹೇಳಿದರೆ ಮೋಸ ಅನ್ನಿಸಿತು.

ಬ್ಯಾಂಡೇಜ್ ಕಟ್ಟಿದ ಕೈಯನ್ನೇ ನೋಡಿಕೊಂಡ. "ನಂದ ತಪ್ಪು ಅಂತ ತಿಳ್ಕೊಂಡಿದ್ನಿ ರೀ. ದಿನಾ ದೇವರ ಮುಂದ ಗಲ್ಲ ಬಡಕೊಂತಿದ್ದೆ."

ಇದನ್ನು ನಾನು ಎಣಿಸಿರಲೇ ಇಲ್ಲ. ಬೆರಳು ಹೋದದ್ದಲ್ಲದೆ ನನ್ನ ಪಾಪವನ್ನೂ ಅವನೇ ಹೊತ್ತಿದ್ದ.

"ನಂದು ತಪ್ಪಾತಪ್ಪಾ. ಕ್ಷಮಿಸು."

"ಅದು ಆಮ್ಯಾಲ ನೋಡೂಣ್ರಿ," ಅಂದ. ಸಿಟ್ಟಿರಲಿಲ್ಲ. "ಮೊದಲ ಆ ಕಾಗದದಾಗಿಂದ ನನ್ನ ಹೆಸರು ತೆಗಸ್ರಿ."

ಅವನ ಹೆಂಡತಿ ನಾನು ಮುಟ್ಟದ ಚಹಾ ಲೋಟ ಎತ್ತಿಕೊಂಡು ಒಳಗೆ ಹೋದಳು.

16 ಜೂನ್, ಸೋಮವಾರ. ಬೆಳಗ್ಗೆ 9:10

ಎಲ್ಲರೂ ಪ್ರೆಸ್ ಸುತ್ತ ನಿಂತಿದ್ದರು. ಶಿವರಾಜ್ ಸರ್ ಕೈ ಚಾಚಿದರು. "ಎಲ್ಲಿ ಮೇಡಂ, ಪ್ರಾರ್ಥನೆ?"

"ಬರ್ಯಾಕ ಆಗ್ಲಿಲ್ರಿ ಸರ್. ಆದ್ರ ಆ ರಿಪೋರ್ಟ್ ಸುಳ್ಳೈತಿ. ಗಾರ್ಡ್ ನಾ ನೋಡಿರಲಿಲ್ಲ. ನೋಡದ ಸಹಿ ಮಾಡೀನಿ."

ಕೊನೆಯ ಸಾಲಿನವರಿಗೂ ಕೇಳಿಸಿತು. ಫರ್ಜಾನಾ ಬಾಯಿ ಮುಚ್ಚಿಕೊಂಡಳು. ಸರ್ ಮುಖ ಕೆಂಪಾಯಿತು. "ಕ್ಯಾಬಿನ್ನಿಗೆ ಬನ್ನಿ."

ಕ್ಯಾಬಿನ್ ಹೊರಗೆ ಸ್ಟೂಲ್ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಸರ್ ಮಾಲೀಕರ ಜೊತೆ ಫೋನಿನಲ್ಲಿದ್ದಾರೆ. ಕೆಲಸ ಹೋಗಬಹುದು. ಬಾಗಿಲು ತೆರೆಯಿತು. ರಿಪೋರ್ಟ್ ಫೈಲ್ ಅವರ ಕೈಯಲ್ಲೇ ಇದೆ, ಪೆನ್ನೂ. ಕರೆಯುತ್ತಿದ್ದಾರೆ. ಮೊದಲು ಮಲಕಪ್ಪನ ಹೆಸರು ತೆಗೆಸಬೇಕು—